ಮಾವನ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್: ಮೊದಲ ಸಲ ಬರೆದಾಗ ನೀವೆಲ್ಲ ಎಲ್ಲೆಲ್ಲಿ ಎಡವಿದಿರಿ?

ಪ್ರಶ್ನೆ

ನಮಸ್ಕಾರ. ಬಿಸಿಎ ಮುಗಿಸಿದ್ದೇನೆ. ಅರಸೀಕೆರೆಯಲ್ಲಿ ಸೋದರಮಾವನ ಕಿರಾಣಿ ಅಂಗಡಿ ಇದೆ. ಬಿಲ್, ಸ್ಟಾಕ್, ಉದ್ರಿ ಮೂರನ್ನೂ ನೋಡಿಕೊಳ್ಳುವ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆದುಕೊಡುತ್ತೇನೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟಿದ್ದೇನೆ. ಪೈಥಾನ್ ಸುಮಾರಾಗಿ ಬರುತ್ತದೆ, ಸಿ ಶಾರ್ಪ್ ಅಲ್ಪಸ್ವಲ್ಪ. ಲಾಗಿನ್ ಸ್ಕ್ರೀನ್ ಚೆನ್ನಾಗಿ ಬಂದಿದೆ. ಅದರಾಚೆ ಏನು ಮಾಡಬೇಕು ಗೊತ್ತಾಗುತ್ತಿಲ್ಲ. ಯಾವ ಭಾಷೆ, ಯಾವ ಡೇಟಾಬೇಸ್, ಎಲ್ಲಿಂದ ಶುರು? ಪೆಟ್ಟು ತಿಂದವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ, 20 ವರ್ಷದಿಂದ ಇದೇ ಕೆಲಸದಲ್ಲಿರುವವರು

ಲಾಗಿನ್ ಸ್ಕ್ರೀನ್ ಅಂದಾಗ ನಗು ಬಂತು. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಗಲ್ಲಾದಲ್ಲಿ ಕೂರುವವರು ಮಾವ ಒಬ್ಬರೇ ಆದರೆ ಲಾಗಿನ್ ಯಾರಿಗೆ? ಅದನ್ನು ಆಚೆ ಇಡಿ. ಒಂದು ದಿನ ಲ್ಯಾಪ್‌ಟಾಪ್ ಇಲ್ಲದೆ ಅಂಗಡಿಯಲ್ಲಿ ಕೂತುಕೊಳ್ಳಿ. ಹಳೆಯ ಬಿಲ್ ಬುಕ್, ಉದ್ರಿ ಪುಸ್ತಕ ಎರಡನ್ನೂ ಇಸ್ಕೊಂಡು ಓದಿ. ಯಾರೋ ಬಂದು ಯಾವ ಬಿಲ್ಲಿನ ಬಾಬ್ತು ಅಂತ ಹೇಳದೆ 500 ರೂಪಾಯಿ ಕೊಟ್ಟು ಹೋಗುತ್ತಾರೆ. ಸಕ್ಕರೆ ಮೂಟೆಯಲ್ಲಿ ಬರುತ್ತದೆ, ಕಾಲು ಕೆಜಿಯಲ್ಲಿ ಹೋಗುತ್ತದೆ. ಇನ್ನೊಬ್ಬರು ಎಣ್ಣೆ ವಾಪಸ್ ಕೊಟ್ಟು ಸೋಪು ಒಯ್ಯುತ್ತಾರೆ. ಇದೆಲ್ಲ ನಿಮ್ಮ ಡೇಟಾಬೇಸ್ ಟೇಬಲ್‌ಗಳಲ್ಲಿ ಕೂರಬೇಕು. ಸ್ಕ್ರೀನ್ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಎರಡು ವರ್ಷದ ಲೆಕ್ಕ ತುಂಬಿದ ಮೇಲೆ ಟೇಬಲ್ ಬದಲಿಸುವುದಿದೆಯಲ್ಲ, ಅದು ಸಂಸಾರ ಸಮೇತ ಮನೆ ಬದಲಿಸಿದ ಹಾಗೆ.

ನನ್ನ ಮೊದಲ ಪ್ರೋಗ್ರಾಂ ವಿಬಿ 6 ಮತ್ತು ಆಕ್ಸೆಸ್‌ನಲ್ಲಿ. ಬಿಲ್ ಟೇಬಲ್‌ನಲ್ಲಿ ಸಾಮಾನು1, ಸಾಮಾನು2 ಅಂತ ಸಾಮಾನು10ರ ತನಕ ಕಾಲಂ ಹಾಕಿದ್ದೆ. ಹತ್ತಕ್ಕಿಂತ ಜಾಸ್ತಿ ಯಾರು ಒಯ್ಯುತ್ತಾರೆ ಅಂದುಕೊಂಡಿದ್ದೆ. ಗೌರಿ ಹಬ್ಬ ಬಂತು. ಬೆಳಿಗ್ಗೆ ಮೊದಲ ಗಿರಾಕಿಯೇ 23 ಸಾಮಾನಿನ ಚೀಟಿ ಹಿಡಿದು ನಿಂತಿದ್ದರು. ಅಂಗಡಿಯವರು ಒಬ್ಬರಿಗೇ ಮೂರು ಬಿಲ್ ಹಾಕಿ ಸುಧಾರಿಸಿದರು. ನನಗೆ ಹೇಳಿದ್ದು ದೀಪಾವಳಿಗೆ. ಬಿಲ್ ಒಂದು ಟೇಬಲ್, ಬಿಲ್ಲಿನ ಸಾಲುಗಳು ಇನ್ನೊಂದು ಟೇಬಲ್. ಕಾಲೇಜಿನಲ್ಲಿ ನಾರ್ಮಲೈಸೇಶನ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ.

ಆದರೆ ಆ ಪಾಠವನ್ನು ಕುರುಡಾಗಿ ಹಿಡಿದರೂ ಕಷ್ಟ. ಬೆಲೆ ಮತ್ತು ತೆರಿಗೆ ದರ ಸಾಮಾನಿನ ಟೇಬಲ್‌ನಲ್ಲಿ ಇದೆಯಲ್ಲ, ಬಿಲ್ಲಿನಲ್ಲಿ ಮತ್ತೆ ಯಾಕೆ ಅನ್ನಿಸುತ್ತದೆ. ಬರೆಯಲೇಬೇಕು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತು. ತುಪ್ಪ 12ರಿಂದ 5ಕ್ಕೆ ಇಳಿಯಿತು, ಶಾಂಪೂ, ಟೂತ್‌ಪೇಸ್ಟ್ 18ರಿಂದ 5ಕ್ಕೆ. ದರವನ್ನು ಸಾಮಾನಿನ ಟೇಬಲ್‌ನಲ್ಲಿ ಮಾತ್ರ ಇಟ್ಟಿದ್ದರೆ ಆಗಸ್ಟ್ ತಿಂಗಳ ಬಿಲ್ಲನ್ನು ಮತ್ತೆ ಪ್ರಿಂಟ್ ಮಾಡಿದಾಗ ಹೊಸ ದರ ಬರುತ್ತದೆ, ಮೊತ್ತವೇ ಬದಲಾಗುತ್ತದೆ. ಮಾರಿದ ದಿನದ ಬೆಲೆ, ಮಾರಿದ ದಿನದ ದರ ಆ ಸಾಲಿನಲ್ಲೇ ಇರಲಿ. ಅಂದಹಾಗೆ ಮಾವನಿಗೆ ಜಿಎಸ್‌ಟಿ ನೋಂದಣಿ ಇದೆಯಾ ಕೇಳಿ. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಶನ್ ಯೋಜನೆಯಲ್ಲಿ ಇದ್ದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ, ಬಿಲ್ಲಿನ ರೂಪವೇ ಬೇರೆ.

ಬಿಲ್ ನಂಬರ್ ಬೇರೆ, ಡೇಟಾಬೇಸ್ ತಾನೇ ಕೊಡುವ ಐಡಿ ಬೇರೆ. ಜಿಎಸ್‌ಟಿ ಬಿಲ್ ನಂಬರ್ 16 ಅಕ್ಷರ ದಾಟಬಾರದು, ಸರಣಿಯಲ್ಲಿರಬೇಕು, ಒಂದು ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ತಪ್ಪಾದ ಬಿಲ್ಲನ್ನು ಅಳಿಸಬೇಡಿ, 'ರದ್ದು' ಅಂತ ಗುರುತು ಹಾಕಿ.

ಸ್ಟಾಕ್ ಕೂಡ ಹಾಗೆಯೇ. 'ಈಗ ಇರುವುದು 40' ಅಂತ ಒಂದೇ ಅಂಕಿ ಇಟ್ಟು ತಿದ್ದುತ್ತಾ ಹೋದರೆ, ಒಂದು ದಿನ ಅದು ಮೈನಸ್ 3 ತೋರಿಸುತ್ತದೆ. ಯಾಕೆ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಬಂದದ್ದು, ಹೋದದ್ದು, ಕೆಟ್ಟದ್ದು, ವಾಪಸ್ ಬಂದದ್ದು ಒಂದೊಂದೂ ಒಂದೊಂದು ಸಾಲಾಗಿರಲಿ. ಕೂಡಿ ಕಳೆದರೆ ಸ್ಟಾಕ್. ಉದ್ರಿ ಬಾಕಿಯೂ ಅಷ್ಟೇ.

ಬೆಂಗಳೂರಿನಿಂದ

ಮೇಲಿನವರ ಕೊನೆಯ ಮಾತಿಗೆ ನನ್ನದೊಂದು ತಕರಾರು. ಪ್ರತಿ ಸಲ ಕೂಡಿ ಕಳೆಯುತ್ತಾ ಕೂತರೆ ನಿಧಾನ ಆಗುವುದಿಲ್ವಾ?

ಶಿವಮೊಗ್ಗದಿಂದ

ದಿನಕ್ಕೆ 200 ಬಿಲ್ ಅಂದರೂ ವರ್ಷಕ್ಕೆ 73,000. ಬಿಲ್ಲಿಗೆ ಐದು ಸಾಲು ಅಂತ ಹಿಡಿದರೆ ಮೂರೂವರೆ ಲಕ್ಷ ಚಿಲ್ಲರೆ. ಗಿರಾಕಿ ಐಡಿ, ಸಾಮಾನಿನ ಐಡಿ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಹಾಕಿದರೆ ಅದೇನೂ ದೊಡ್ಡ ಲೆಕ್ಕ ಅಲ್ಲ ಸರ್. ನಿಧಾನ ಆದಮೇಲೆ ನೋಡೋಣ.

ಮೈಸೂರಿನಿಂದ, ಕಾಲೇಜಿನಲ್ಲಿ ಪಾಠ ಮಾಡುವವರು

ಭಾಷೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೈಥಾನ್ ಬಂದರೆ ಪೈಥಾನ್. ವಿಂಡೋಸ್‌ನಲ್ಲಿ ಮಾತ್ರ ಓಡಬೇಕು ಅಂದರೆ ಸಿ ಶಾರ್ಪ್ ಮತ್ತು ವಿನ್‌ಫಾರ್ಮ್ಸ್ ಈಗಲೂ ಸಲೀಸು.

ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ್ದು, ಲೈಸೆನ್ಸ್ ರಗಳೆ ಇಲ್ಲ, ಪೈಥಾನ್ ಜೊತೆಗೇ ಬರುತ್ತದೆ, ಇಡೀ ಡೇಟಾಬೇಸ್ ಒಂದೇ ಫೈಲ್. ಆದರೆ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಬಿದ್ದು ಏಳುವ ಗುಂಡಿಗಳು ಇವು. ಪೈಥಾನ್‌ನಲ್ಲಿ ಇನ್ಸರ್ಟ್ ಮಾಡಿ ಕಮಿಟ್ (ಬರೆದದ್ದನ್ನು ಖಾಯಂ ಮಾಡುವ ಆದೇಶ) ಮರೆಯುತ್ತಾರೆ. ಪ್ರೋಗ್ರಾಂ ನಡೆಯುವಾಗ ಎಲ್ಲ ಸರಿಯಾಗಿ ಕಾಣುತ್ತದೆ, ಮುಚ್ಚಿ ತೆರೆದರೆ ಖಾಲಿ. ಇನ್ನೊಂದು, ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆ (ಒಂದು ಟೇಬಲ್ ಸೂಚಿಸುವ ಸಾಲು ಇನ್ನೊಂದರಲ್ಲಿ ನಿಜವಾಗಿ ಇದೆಯಾ ಅಂತ ನೋಡುವುದು) ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಕನೆಕ್ಷನ್ ತೆರೆದಾಗಲೆಲ್ಲ ಆನ್ ಮಾಡಬೇಕು, ಒಂದು ಸಲ ಮಾಡಿದರೆ ಸಾಲದು. ಇಲ್ಲದಿದ್ದರೆ ಗಿರಾಕಿಯನ್ನು ಅಳಿಸಿದರೂ ಅವರ ಬಿಲ್‌ಗಳು ಅನಾಥವಾಗಿ ಉಳಿಯುತ್ತವೆ. ಅಂಕಿ ಇರಬೇಕಾದ ಕಾಲಂಗೆ 'ಹತ್ತು' ಅಂತ ಅಕ್ಷರ ಕೊಟ್ಟರೂ ಸುಮ್ನೆ ಒಪ್ಪಿಕೊಳ್ಳುತ್ತದೆ. 2021ರ ನಂತರದ ಆವೃತ್ತಿಗಳಲ್ಲಿ ಟೇಬಲ್ ಮಾಡುವಾಗ ಸ್ಟ್ರಿಕ್ಟ್ ಅಂತ ಸೇರಿಸಿದರೆ ಈ ಉದಾರತನ ನಿಲ್ಲುತ್ತದೆ.

ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ತೂಕ ಗ್ರಾಂನಲ್ಲಿ. ದಿನಾಂಕ 2026-04-01 ಅನ್ನುವ ಕ್ರಮದಲ್ಲಿ, ವರ್ಷ ಮೊದಲು. ದಿನ ಮೊದಲು ಬರೆದು ಅಕ್ಷರವಾಗಿ ಇಟ್ಟರೆ, ಡಿಸೆಂಬರ್ 1 ಅದೇ ವರ್ಷದ ಜನವರಿ 2ಕ್ಕಿಂತ ಮುಂಚೆ ಬಂದು ಕೂರುತ್ತದೆ. ಪರದೆಯ ಮೇಲೆ ಹೇಗೆ ಬೇಕಾದರೂ ತೋರಿಸಿ.

ಮಂಗಳೂರಿನಿಂದ

ನನ್ನದು ಒಂದೇ ಮಾತು. ಹೆಸರು, ಊರು ಎಲ್ಲವನ್ನೂ ಪ್ಲಸ್ ಹಾಕಿ ಅಂಟಿಸಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಬರೆಯಬೇಡಿ. ನಾನು ಹಾಗೆ ಬರೆದು ಮನೆಯಲ್ಲಿ ವಾರಗಟ್ಟಲೆ ಟೆಸ್ಟ್ ಮಾಡಿದ್ದೆ, ಎಲ್ಲ ಸರಿ ಇತ್ತು. ಅಂಗಡಿಗೆ ಕೊಟ್ಟ ಮೊದಲ ದಿನವೇ ಒಬ್ಬರು ಇಂಗ್ಲಿಷ್‌ನಲ್ಲಿ ಡಿ'ಸೋಜಾ ಅಂತ ಹೊಡೆದರು. ನಡುವಿನ ಆ ಕೊಕ್ಕೆ ಎಸ್‌ಕ್ಯೂಎಲ್‌ಗೆ ಮಾತು ಮುಗಿದ ಗುರುತು. ಪ್ರೋಗ್ರಾಂ ಅಲ್ಲೇ ಮಲಗಿತು. ನಮ್ಮೂರಲ್ಲಿ ಡಿ'ಸೋಜಾ ಇಲ್ಲದ ಗಿರಾಕಿ ಪಟ್ಟಿ ಉಂಟಾ! ಹೆಸರು, ಊರು ಬರುವ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟು, ಅವನ್ನು ಬೇರೆಯಾಗಿ ಕೊಡಿ. ಪ್ಯಾರಾಮೀಟರ್ ಅನ್ನುತ್ತಾರೆ. ಬೇಕಂತಲೇ ಕಿತಾಪತಿ ಮಾಡುವವರಿಂದಲೂ ಅದೇ ಕಾಪಾಡುತ್ತದೆ.

ಬಳ್ಳಾರಿಯಿಂದ

ಕರೆಂಟ್ ಬಗ್ಗೆ ಯಾರೂ ಹೇಳಲೇ ಇಲ್ಲ! ಬಿಲ್ ಉಳಿಸಿ, ಸಾಲುಗಳನ್ನು ಉಳಿಸುತ್ತಿರುವಾಗ ಕರೆಂಟ್ ಹೋಯಿತು ಅನ್ನಿ. ಬಿಲ್ ಇದೆ, ಸಾಮಾನು ಅರ್ಧ ಇದೆ. ನನಗೆ ಇದು ಬೇಸಿಗೆ ಪೂರ್ತಿ ಆಗಿತ್ತು. ಬಿಲ್, ಅದರ ಸಾಲುಗಳು, ಸ್ಟಾಕ್, ಉದ್ರಿ ನಾಲ್ಕೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಇರಲಿ. ಆಗುವುದಾದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು. ವೇಗಕ್ಕೂ ಇದೇ ಮದ್ದು. ಸಾಮಾನಿನ ಪಟ್ಟಿಯನ್ನು ಎಕ್ಸೆಲ್‌ನಿಂದ ತರುವಾಗ ಒಂದೊಂದು ಸಾಲಿಗೂ ಕಮಿಟ್ ಮಾಡುತ್ತಿದ್ದೆ, ಟೀ ಕುಡಿದು ಬಂದರೂ ಮುಗಿಯುತ್ತಿರಲಿಲ್ಲ. ಎಲ್ಲ ಸೇರಿಸಿ ಒಂದೇ ಕಮಿಟ್ ಮಾಡಿದೆ, ಎದ್ದು ನಿಲ್ಲುವಷ್ಟರಲ್ಲಿ ಮುಗಿದಿತ್ತು.

ಬ್ಯಾಕಪ್ ಮಾಡುವಾಗ ಹುಷಾರು. ಪ್ರೋಗ್ರಾಂ ಓಡುತ್ತಿರುವಾಗಲೇ ಡೇಟಾಬೇಸ್ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಎಳೆದು ಹಾಕುತ್ತಿದ್ದೆ. ಎಸ್‌ಕ್ಯೂಲೈಟ್‌ನ ವಾಲ್ (WAL) ಮೋಡ್‌ನಲ್ಲಿ ಹೊಸ ಬರಹಗಳು ಮೊದಲು ಪಕ್ಕದ ಇನ್ನೊಂದು ಫೈಲಿನಲ್ಲಿ ಇರುತ್ತವೆ. ಅದು ಕಾಪಿ ಆಗಿರಲಿಲ್ಲ. ಡಿಸ್ಕ್ ಕೆಟ್ಟ ದಿನ ಗೊತ್ತಾಯಿತು. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಸೌಲಭ್ಯ ಇದೆ, ಪೈಥಾನ್‌ನಲ್ಲಿ ಒಂದೇ ಸಾಲು. ಅಂಗಡಿ ಮುಚ್ಚುವಾಗ ತಾನೇ ಆಗುವ ಹಾಗೆ ಬರೆಯಿರಿ, ಮಾವನ ನೆನಪಿನ ಮೇಲೆ ಬಿಡಬೇಡಿ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿ.

ಧಾರವಾಡದಿಂದ

ಗಿರಾಕಿಗಳ ಹೆಸರು ಕನ್ನಡದಲ್ಲಿ ಇದ್ದರೆ ಒಂದು ಮಾತು. ಹಳೆಯ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಅದರಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೊಂಚಲು. ಯೂನಿಕೋಡ್‌ಗೆ ಬಂದ ಮೇಲೂ ತೊಂದರೆ ಇದೆ. 'ಗೋ' ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಗೋಪಾಲ ಎದುರಿಗೇ ಇದ್ದರೂ ಸಾಫ್ಟ್‌ವೇರ್ 'ಇಲ್ಲ' ಅನ್ನುತ್ತದೆ. ಉಳಿಸುವ ಮೊದಲು, ಹುಡುಕುವ ಮೊದಲು ಎರಡೂ ಕಡೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಸಂಕೇತ ರೂಪಕ್ಕೆ ತನ್ನಿ. ಅರ್ಕಾವತ್ತು ಬಾರದ ಹಾಗೆ ಬರೆದ ಪದಗಳಲ್ಲಿ ಕಾಣದ ಜಾಯಿನರ್ ಅಕ್ಷರ ಸೇರಿಕೊಂಡಿರುತ್ತದೆ. ಅದು ನಾರ್ಮಲೈಸ್ ಮಾಡಿದರೂ ಹೋಗುವುದಿಲ್ಲ, ಹುಡುಕುವುದಕ್ಕೇ ಬೇರೆ ಕಾಲಂ ಇಟ್ಟು ಅಲ್ಲಿ ತೆಗೆದುಹಾಕಿ.

ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡ ಬೇಕು ಅಂದರೆ ಬಿಲ್ಲನ್ನು ಚಿತ್ರವಾಗಿ ಕಳಿಸುವುದೇ ಸುಲಭ. ಸಾಧಾರಣ ಪ್ರಿಂಟರ್‌ಗಳ ಒಳಗಿನ ಅಕ್ಷರಗಳಲ್ಲಿ ಕನ್ನಡ ಇರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮಾವ ಗೋಡೌನ್‌ನಲ್ಲಿ ಇನ್ನೊಂದು ಕಂಪ್ಯೂಟರ್ ಇಡುತ್ತಾರಂತೆ. ಡೇಟಾಬೇಸ್ ಫೈಲನ್ನು ಶೇರ್ಡ್ ಫೋಲ್ಡರ್‌ನಲ್ಲಿ ಇಟ್ಟರೆ ಆಗುತ್ತಾ?

ಮೈಸೂರಿನಿಂದ

ಬೇಡ. ನೆಟ್‌ವರ್ಕ್ ಮೇಲೆ ಫೈಲ್ ಲಾಕಿಂಗ್ ನಂಬುವ ಹಾಗಿಲ್ಲ, ವಾಲ್ ಮೋಡ್ ಅಂತೂ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಕೆಲಸ ಮಾಡುವುದೇ ಇಲ್ಲ. ಎರಡು ಕಡೆಯಿಂದ ಬರೆಯಬೇಕು ಅಂದರೆ ಒಂದು ಕಂಪ್ಯೂಟರ್‌ನಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸರ್ವರ್ ಹಾಕಿ. ಈಗಲೇ ಅಲ್ಲ. ಎಸ್‌ಕ್ಯೂಎಲ್ ಬರೆಯುವ ಭಾಗವನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದರೆ ಆಮೇಲೆ ಬದಲಿಸುವುದು ಅಷ್ಟು ಕಷ್ಟ ಆಗಲಿಕ್ಕಿಲ್ಲ. ಹಾಗೇ, ಡೇಟಾಬೇಸನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೆ ಇಡಬೇಡಿ. ಅಲ್ಲಿ ಬರೆಯಲು ವಿಂಡೋಸ್ ಸಾಮಾನ್ಯ ಬಳಕೆದಾರನಿಗೆ ಬಿಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ, ಮಾವನ ಕಂಪ್ಯೂಟರ್‌ನಲ್ಲಿ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಭಾನುವಾರ ಅಂಗಡಿಯಲ್ಲಿ ಕೂತಿದ್ದೆ. ಉದ್ರಿ ಪುಸ್ತಕದಲ್ಲಿ ಮೂವರು ಮಂಜಣ್ಣ ಇದ್ದಾರೆ. ಒಬ್ಬರು 'ಗಿರಣಿ', ಇನ್ನೊಬ್ಬರು 'ಕೆಂಪು ಬೈಕ್'. ಮೂರನೆಯವರ ಮುಂದೆ ಏನೂ ಬರೆದಿಲ್ಲ. 340 ರೂಪಾಯಿ ಬಾಕಿ, ಯಾರು ಅಂತ ಮಾವನಿಗೂ ನೆನಪಿಲ್ಲ.

ಶಿವಮೊಗ್ಗದಿಂದ

ಗಿರಾಕಿ ಟೇಬಲ್‌ಗೆ 'ಗುರುತು' ಅಂತ ಒಂದು ಕಾಲಂ ಹಾಕಿ. ಖಾಲಿ ಬಿಡಲು ಬರದ ಹಾಗೆ.