ಕ್ಲಿಯರೆನ್ಸ್ ಫಾರ್ಮಿನಲ್ಲಿ ಗಾಂಜಾ ಪ್ರಶ್ನೆ: ಹೌದು ಅನ್ನಬೇಕಾ, ಇಲ್ಲ ಅನ್ನಬೇಕಾ?

ವರ್ಜೀನಿಯಾದ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗನಿಗೆ 22 ವರ್ಷ, ಇಲ್ಲೇ ಅಮೆರಿಕದಲ್ಲೇ ಹುಟ್ಟಿದವನು. ರಕ್ಷಣಾ ಇಲಾಖೆಯ ಕಾಂಟ್ರ್ಯಾಕ್ಟ್ ಇರುವ ಕಂಪನಿಯಿಂದ ಆಫರ್ ಬಂದಿದೆ, ಸೆಕ್ಯುರಿಟಿ ಕ್ಲಿಯರೆನ್ಸ್ (ಗುಪ್ತ ಮಾಹಿತಿ ನೋಡೋಕೆ ಸರ್ಕಾರ ಕೊಡೋ ಅನುಮತಿ) ಸಿಕ್ಕರೆ ಮಾತ್ರ ಕೆಲಸ. ನಿನ್ನೆ ಎಸ್‌ಎಫ್-86 ಅನ್ನೋ ಅದರ ಅರ್ಜಿ ತುಂಬುತ್ತಾ ಕೂತಿದ್ದವನು 23ನೇ ಭಾಗಕ್ಕೆ ಬಂದು ನಿಂತುಬಿಟ್ಟ. ಕಳೆದ 7 ವರ್ಷಗಳಲ್ಲಿ ಡ್ರಗ್ಸ್ ತಗೊಂಡಿದ್ದೀರಾ ಅಂತ ಪ್ರಶ್ನೆ. "ಅಮ್ಮಾ, ಕಾಲೇಜಲ್ಲಿ ಮೂರ್ನಾಲ್ಕು ಸಲ ಗಾಂಜಾ ಗಮ್ಮಿ, ಅದೇ ಗಾಂಜಾ ಹಾಕಿದ ಜೆಲ್ಲಿ ಮಿಠಾಯಿ, ತಿಂದಿದ್ದೆ" ಅಂದ. ಒಲೆ ಮೇಲೆ ಸಾರು ಉಕ್ಕಿದ್ದೂ ನನಗೆ ಗೊತ್ತಾಗಲಿಲ್ಲ. ಬಿಟ್ಟು ಒಂದೂವರೆ ವರ್ಷ ಆಯ್ತಂತೆ. ನಮ್ಮ ಮನೆಯವರು "ಇಲ್ಲ ಅಂತ ಹಾಕು, ಯಾರಿಗೆ ಗೊತ್ತಾಗತ್ತೆ" ಅಂತಾರೆ.

ಶಿಕಾಗೊ ದಾವಣಗೆರೆ: ಮೊದಲೇ ಗಮನ ಕೊಡಬೇಕಿತ್ತು. ನಮ್ಮ ಮಕ್ಕಳು ಭಾನುವಾರದ ಕನ್ನಡ ಕ್ಲಾಸು, ಭಜನೆ ಒಂದು ದಿನವೂ ತಪ್ಪಿಸಿಲ್ಲ.

ಮೇರಿಲ್ಯಾಂಡ್ ಹಳಬ: ಮೇಡಂ, ದಯವಿಟ್ಟು ಸುಳ್ಳು ಹಾಕಿಸಬೇಡಿ. ತಿಂದಿದ್ದಕ್ಕಿಂತ ಮುಚ್ಚಿಟ್ಟಿದ್ದೇ ದೊಡ್ಡ ತಪ್ಪಾಗುತ್ತೆ. ಗೊತ್ತಿದ್ದೂ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲು ಇದೆ. ವಿಚಾರಣೆಗೆ ಬರುವವರು ರೂಮ್‌ಮೇಟನ್ನೂ ಮಾತಾಡಿಸಬಹುದು. 2021ರ ಡಿಸೆಂಬರಿನಲ್ಲಿ ಆಗಿನ ಅಮೆರಿಕದ ಗುಪ್ತಚರ ಮುಖ್ಯಸ್ಥೆ ಅವ್ರಿಲ್ ಹೇನ್ಸ್ ಸೂಚನೆ ಹೊರಡಿಸಿದ್ದರು. ಅದರ ಪ್ರಕಾರ ಹಿಂದೆ ಗಾಂಜಾ ಬಳಸಿದ್ದನ್ನು ನೋಡುತ್ತಾರೆ, ಆದರೆ ಅದೊಂದೇ ಕಾರಣಕ್ಕೆ ಕ್ಲಿಯರೆನ್ಸ್ ಕೊಡಲ್ಲ ಅನ್ನುವ ಹಾಗಿಲ್ಲ. ಎಷ್ಟು ಸಲ, ಬಿಟ್ಟು ಎಷ್ಟು ದಿನ, ಮುಂದೆ ಮುಟ್ಟಲ್ಲ ಅಂತ ಬರೆದುಕೊಡ್ತಾನಾ, ಇದೆಲ್ಲ ಲೆಕ್ಕಕ್ಕೆ ಬರುತ್ತೆ. ಈಗಲೂ ಬಳಸುತ್ತಿದ್ದರೆ ಮಾತ್ರ ಕಷ್ಟ.

ಬೇ ಏರಿಯಾ ಬಸವನಗುಡಿ: ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಲೀಗಲ್ ಅಲ್ವಾ? ನಿಮ್ಮ ವರ್ಜೀನಿಯಾದಲ್ಲೂ 2021ರಿಂದ ಸ್ವಲ್ಪ ಇಟ್ಟುಕೊಂಡರೆ ಕೇಸಿಲ್ಲ. ಮತ್ಯಾಕೆ ಭಯ?

ಮೇರಿಲ್ಯಾಂಡ್ ಹಳಬ: ರಾಜ್ಯದ ಕಾನೂನು ಇಲ್ಲಿ ನಡೆಯಲ್ಲ ಸಾರ್, ಫೆಡರಲ್, ಅಂದರೆ ಕೇಂದ್ರದ ಕಾನೂನೇ. ಫಾರ್ಮಿನಲ್ಲೇ ಹಾಗೆ ಬರೆದಿದೆ. ಗಾಂಜಾ ಕಂಪನಿಯ ಷೇರು ಕೊಂಡರೂ ಕೇಳಬಹುದು. ಮಂಡಿನೋವಿಗೆ ಅಂತ ಸಿಬಿಡಿ ಎಣ್ಣೆ (ಅದೂ ಗಾಂಜಾ ಜಾತಿಯ ಗಿಡದ್ದೇ) ತಂದಿಟ್ಟಿದ್ದರೆ ಮಗ ಅದನ್ನೂ ಮುಟ್ಟದಿರಲಿ.

ಡಲ್ಲಾಸ್ ಸುರಪುರ: ನಮ್ಮ ಕಡೆ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಂಗಿಯೇ ಪ್ರಸಾದ. ಇಲ್ಲಿ ಒಂದು ಗಮ್ಮಿಗೆ ಇಷ್ಟು ರಾಮಾಯಣ!

ಶಿಕಾಗೊ ದಾವಣಗೆರೆ: ಇದೇ ನೋಡಿ, ನಗಾಡಿ ನಗಾಡಿಯೇ ಮಕ್ಕಳು ಕೆಟ್ಟಿದ್ದು. 18 ತುಂಬಿದ ತಕ್ಷಣ ಕಾಲೇಜಿನ ಡಾರ್ಮಿಗೆ (ಹಾಸ್ಟೆಲಿಗೆ) ಬಿಟ್ಟು ಬರ್ತೀವಿ. 2004ರಲ್ಲಿ ವಾಪಸ್ ಹೋಗೋಣ ಅಂತ ಮೈಸೂರಲ್ಲಿ ಸೈಟು ತಗೊಂಡಿದ್ದೆ. ಹೆಂಡತಿ ಮಾತು ಕೇಳಿ ಉಳಿದೆ. ಈಗ ಮಗಳು ಫೋನ್ ಎತ್ತಲ್ಲ.

ಬೇ ಏರಿಯಾ ಬಸವನಗುಡಿ: ಬೆಂಗಳೂರಿನ ಪಿಜಿಗಳಲ್ಲಿ ಏನೂ ಸಿಗಲ್ಲ ಅಂದ್ಕೊಂಡ್ರಾ?

ಶಿಕಾಗೊ ದಾವಣಗೆರೆ: ಅಲ್ಲಿ ಕನಿಷ್ಠ ಪಕ್ಕದ ಮನೆಯವರು ಬಂದು ಹೇಳ್ತಾರೆ.

(ಇದಾದ ಮೇಲೆ 31 ಉತ್ತರ, ಎಲ್ಲಾ ಪಕ್ಕದ ಮನೆಯವರ ಬಗ್ಗೆ.)

ನ್ಯೂಜೆರ್ಸಿ ಅತ್ತಿಗೆ: ಒಂದು ಮಾತು. ಈ ಹುಡುಗ ಸಿಟಿಜನ್, ಸರಿ. ಗ್ರೀನ್ ಕಾರ್ಡ್ ಮಕ್ಕಳಿರುವವರು ಜಾಸ್ತಿ ಹುಷಾರಾಗಿರಿ. ಬಳಸಿದ್ದೆ ಅಂತ ಒಪ್ಪಿಕೊಂಡರೂ ಪೌರತ್ವಕ್ಕೆ ಅಡ್ಡಿಯಾಗಬಹುದು. ಬಾಯಿ ಬಿಡುವ ಮುಂಚೆ ವಕೀಲರನ್ನು ಕಾಣಿ.

ವರ್ಜೀನಿಯಾದ ಅಮ್ಮ: ಹಳಬರೇ, ಥ್ಯಾಂಕ್ಸ್. "ಹೌದು" ಅಂತ ಹಾಕಿದ. ಮೊದಲ ಸಲ ಯಾವ ತಿಂಗಳು, ಕೊನೇ ಸಲ ಯಾವ ತಿಂಗಳು ಅಂತ ಫಾರ್ಮಿನಲ್ಲಿ ಕೇಳಿದ್ದಾರೆ. ಈಗ ರೂಮ್‌ಮೇಟಿಗೆ ಫೋನ್ ಮಾಡಿ ಕೇಳ್ತಾ ಕೂತಿದ್ದಾನೆ. ಇವರು ಮಾತ್ರ ಬೆಳಗ್ಗೆಯಿಂದ ನನ್ನ ಹತ್ತಿರ ಮಾತಾಡಿಲ್ಲ.