ಜಾಡಿ, ಕಡ್ಡಿ, ಭಾನುವಾರದ ಎರಡು ಗಂಟೆ: ಇದರಲ್ಲಿ ನಿಜಕ್ಕೂ ಖುಷಿ ಇದೆಯಾ?

ಹೊಸ ಜಾಡಿ (ಪ್ರಶ್ನೆ):
ನನಗೆ ಬಿಡುವು ಸಿಗುವುದು ಭಾನುವಾರ ಎರಡು ಗಂಟೆ ಮಾತ್ರ. ಅಡುಗೆಮನೆ ಚಿಕ್ಕದು. ಹೋದ ವರ್ಷ ಪ್ಲಮ್ ಜಾಮ್ ಮಾಡಿದೆ, ಆರು ಜಾಡಿ. ಸಿಹಿ ಜಾಸ್ತಿ ಬೇಡ ಅಂತ ಹಣ್ಣಿನ ತೂಕದ ಅರ್ಧದಷ್ಟೇ ಸಕ್ಕರೆ ಹಾಕಿದ್ದೆ. ತಿಂಗಳೊಳಗೆ ನಾಲ್ಕು ಜಾಡಿಗೆ ಬೂಷ್ಟು ಹಿಡಿಯಿತು. ಒಂದು ಉಣ್ಣೆ ಮಫ್ಲರ್ ಕೂಡ ಶುರು ಮಾಡಿದ್ದೆ, ಮೂರನೇ ಒಂದು ಭಾಗಕ್ಕೆ ನಿಂತಿದೆ. ಮನೆಯಲ್ಲಿ "ಅಂಗಡಿಯಲ್ಲಿ ಸಿಗಲ್ವಾ?" ಅಂತ ಕೇಳುತ್ತಾರೆ. ಎರಡರಲ್ಲಿ ಒಂದನ್ನಾದರೂ ಗಟ್ಟಿಯಾಗಿ ಹಿಡಿಯಬೇಕು ಅಂತಿದ್ದೇನೆ. ಯಾವುದನ್ನು? ನಿಮಗೆಲ್ಲ ಇದರಿಂದ ಖುಷಿ ಸಿಕ್ಕಿದೆಯಾ, ಇಲ್ಲಾ ಇನ್ನೊಂದು ಹೊರೆ ಆಗಿದೆಯಾ? ನಿಮ್ಮ ಅನುಭವ ಹೇಳಿ.

ಉಪ್ಪು ನೀರು:
ಜಾಮ್ ಬಿಡಿ. ಉಪ್ಪುನೀರಿಗೆ ಬನ್ನಿ. ನಾನು ಒಂಬತ್ತು ವರ್ಷದಿಂದ ತರಕಾರಿ ಹುಳಿ ಬರಿಸುತ್ತಿದ್ದೇನೆ. ಮೊದಲ ವರ್ಷದ ಕಥೆ ಕೇಳಿ. ಐದು ಕಿಲೋ ಸೌತೆಕಾಯಿ ತಂದೆ. ಉಪ್ಪನ್ನು ತೂಗಲಿಲ್ಲ, ಚಮಚದಲ್ಲಿ ಅಳೆದೆ. ಅದು ಪದರಪದರವಾಗಿದ್ದ ಹಗುರ ಉಪ್ಪು. ಲೀಟರ್ ನೀರಿಗೆ 50 ಗ್ರಾಂ ಹಾಕಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ಅದೇ ಚಮಚವನ್ನು ತೂಗಿ ನೋಡಿದರೆ ಬಿದ್ದಿದ್ದು 28 ಗ್ರಾಂ! ಹತ್ತನೇ ದಿನ ಮುಚ್ಚಳ ತೆಗೆದಾಗ ಸೌತೆಕಾಯಿ ಕೈಯಲ್ಲಿ ಲೋಳೆ ಆಯಿತು. ಐದೂ ಕಿಲೋ ಗೊಬ್ಬರದ ಗುಂಡಿಗೆ.

ಎರಡನೇ ವರ್ಷ ತೂಗಿ ಹಾಕಿದೆ, ಆದರೂ ಮೆತ್ತಗಾಯಿತು. ಹೂವು ಉದುರಿದ ತುದಿಯನ್ನು ಕತ್ತರಿಸಿ ತೆಗೆಯಬೇಕು, ಕಾಯಿ ಮೆತ್ತಗೆ ಮಾಡುವ ಕಿಣ್ವ ಅಲ್ಲೇ ಇರುತ್ತದೆ ಅಂತ ಆಗ ಗೊತ್ತಾಯಿತು. ಮೂರನೇ ವರ್ಷ ಮುಚ್ಚಳ ಬಿಗಿದು ಮಲಗಿದೆ. ರಾತ್ರಿ ಎರಡು ಗಂಟೆಗೆ ಗ್ಯಾಸ್ ತುಂಬಿ ಜಾಡಿ ಒಡೆಯಿತು. ಕಪಾಟಿನ ಹಿಂದಿನ ಗಾಜಿನ ಚೂರು ನಾಲ್ಕು ತಿಂಗಳಾದ ಮೇಲೂ ಸಿಗುತ್ತಿತ್ತು. ಹೊಟ್ಟೆ ಉರಿದದ್ದು ಮಾತ್ರ ನಾಲ್ಕನೇ ವರ್ಷ. ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿತ್ತು. ಬೂಷ್ಟು ಅಂತ ಹೆದರಿ ಅಷ್ಟನ್ನೂ ಚೆಲ್ಲಿದೆ. ಅದು ಬರೀ ಯೀಸ್ಟ್! ಕೆನೆ ತೆಗೆದು ತಿನ್ನಬಹುದಿತ್ತು. ಕೂದಲಿನ ಹಾಗೆ ಎದ್ದು ನಿಂತರೆ, ಹಸಿರೋ ಕಪ್ಪೋ ಬಣ್ಣ ಇದ್ದರೆ ಅದು ಬೂಷ್ಟು.

ಖುಷಿ ಇದೆಯಾ ಅಂತ ಕೇಳಿದಿರಿ. ಎರಡನೇ ದಿನ ಜಾಡಿಗೆ ಕಿವಿ ಕೊಟ್ಟರೆ ಒಳಗೆ ಗುಳುಗುಳು ಅನ್ನುತ್ತಿರುತ್ತದೆ. ನಾನು ಮಲಗಿದ್ದಾಗಲೂ ಅದು ಕೆಲಸ ಮಾಡುತ್ತಿರುತ್ತದೆ. ನನಗೆ ಅಷ್ಟು ಸಾಕು.

ಎರಡು ಕಡ್ಡಿ:
ಹೆಣಿಗೆಯಲ್ಲಿ ಯಾವುದೂ ನಿಮ್ಮ ಪರವಾಗಿ ಕೆಲಸ ಮಾಡುವುದಿಲ್ಲ. ಒಂದೊಂದು ಸ್ಟಿಚ್ಚನ್ನೂ ನೀವೇ ಹಾಕಬೇಕು.

ತಮ್ಮನಿಗೆ ಸ್ವೆಟರ್ ಹೆಣೆದೆ. ಹತ್ತು ಸೆಂಟಿಮೀಟರಿಗೆ 22 ಸ್ಟಿಚ್ ಬರಬೇಕಿತ್ತು, ಎದೆಸುತ್ತು 100 ಸೆಂಟಿಮೀಟರ್, ಅಂದರೆ 220 ಸ್ಟಿಚ್. ಮಾದರಿ ತುಂಡು ಹೆಣೆದು ಅಳೆಯದೆ ನೇರ ಶುರು ಮಾಡಿದೆ. ನನ್ನ ಕೈ ಸ್ವಲ್ಪ ಸಡಿಲ. ಹತ್ತು ಸೆಂಟಿಮೀಟರಿಗೆ 20 ಮಾತ್ರ ಬರುತ್ತಿತ್ತು. ಎರಡೇ ಸ್ಟಿಚ್ ವ್ಯತ್ಯಾಸ ಅಲ್ವಾ ಅನಿಸುತ್ತದೆ. ಅದೇ 220 ಸ್ಟಿಚ್ ಈಗ 110 ಸೆಂಟಿಮೀಟರ್! ಏಳು ವಾರದ ಕೆಲಸವನ್ನು ಒಂದು ಸಂಜೆ ಕೂತು ಬಿಚ್ಚಿದೆ. ಬಿಚ್ಚುವಾಗ ನೂಲು ಗುಂಗುರು ಗುಂಗುರಾಗಿ ಬರುತ್ತಿತ್ತು, ಅದನ್ನು ನೋಡಿಯೇ ಅಳು ಬಂತು. ಮತ್ತೆ ಹೆಣೆದೆ. ತೋಳಿಗೆ ಬರುವ ಹೊತ್ತಿಗೆ ನೂಲು ಸಾಲಲಿಲ್ಲ. ಅದೇ ಬಣ್ಣ, ಅದೇ ಕಂಪನಿ, ಆದರೆ ಬಣ್ಣ ಹಾಕಿದ ಕಂತು ಬೇರೆ. ಒಂದು ತೋಳು ಕಡು ನೀಲಿ, ಇನ್ನೊಂದು ಅದರ ಮಾಸಿದ ನೆರಳು. ಒಟ್ಟು 140 ಗಂಟೆ. ಬರೆದಿಟ್ಟಿದ್ದೇನೆ.

ಅವನು ಒಂದು ಸಲ ಹಾಕಿಕೊಂಡ. ಆಮೇಲೆ ಮಷೀನಿಗೆ ಹಾಕಿ ಬಿಸಿನೀರಿನಲ್ಲಿ ಒಗೆದ. ಬಿಸಿನೀರಲ್ಲಿ ತಿಕ್ಕಾಟ ಆದರೆ ಉಣ್ಣೆಯ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮತ್ತೆ ಬಿಡುವುದಿಲ್ಲ. ಮೂರು ವರ್ಷದ ಮಗುವಿಗೆ ಆಗುವ ಹಾಗೆ ಆಗಿತ್ತು. "ಇನ್ನೊಂದು ಮಾಡಿಕೊಡು" ಅಂದ, ನಗುತ್ತಾ!

ಈಗ ನನಗೆ ಮಾತ್ರ ಹೆಣೆದುಕೊಳ್ಳುತ್ತೇನೆ. ಯಾರಿಗೂ ಕೊಡಬೇಡಿ.

ಸಾಬೂನು ಸಂಕಟ:
ಕೊಡಬೇಡಿ ಅನ್ನುವುದಕ್ಕಿಂತ ಮಾರಬೇಡಿ ಅಂತ ಹೇಳುತ್ತೇನೆ. ಮನೆಯಲ್ಲಿ ಸಾಬೂನು ಮಾಡುತ್ತಿದ್ದೆ. ವಾರಕ್ಕೊಂದು ಸಲ, ಎಲ್ಲರೂ ಮಲಗಿದ ಮೇಲೆ. ನೀರಿಗೆ ಕಾಸ್ಟಿಕ್ ಸೋಡಾ ಹಾಕುವಾಗ ಏಳುವ ಆವಿ, ಆಮೇಲೆ ಎಣ್ಣೆಗೆ ಬಿದ್ದು ನಿಧಾನಕ್ಕೆ ಗಟ್ಟಿಯಾಗುವುದು, ಅದನ್ನು ನೋಡುತ್ತಾ ತಲೆ ಖಾಲಿ ಆಗುತ್ತಿತ್ತು. (ಕಾಸ್ಟಿಕ್ಕನ್ನು ನೀರಿಗೇ ಹಾಕಬೇಕು. ಅದರ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ.) ನಾಲ್ಕೈದು ಜನ ಹೊಗಳಿದರು. ಮಾರಲು ಶುರು ಮಾಡಿದೆ. ಅಲ್ಲಿಗೆ ಮುಗಿಯಿತು.

ಅವಸರದಲ್ಲಿ ಏನಾಯಿತು ನೋಡಿ. ಒಂದು ಕಿಲೋ ಆಲಿವ್ ಎಣ್ಣೆಗೆ ಸುಮಾರು 134 ಗ್ರಾಂ ಕಾಸ್ಟಿಕ್ ಬೇಕು. ತೆಂಗಿನೆಣ್ಣೆಗೆ 183. ಎರಡೂ ಲೆಕ್ಕ ಒಂದೇ ಹಾಳೆಯಲ್ಲಿ ಇತ್ತು. ಮೂರು ಕಿಲೋ ಆಲಿವ್ ಎಣ್ಣೆಗೆ ನೂರಕ್ಕೆ ಐದು ಕಡಿಮೆ ಮಾಡಿ 382 ಗ್ರಾಂ ಹಾಕಬೇಕಿತ್ತು. ತೆಂಗಿನೆಣ್ಣೆಯ ಸಾಲು ಓದಿ 522 ಹಾಕಿದೆ. ಆರು ವಾರ ಒಣಗಿಸಿಟ್ಟ ಮೇಲೆ ನಾಲಿಗೆ ತುದಿಗೆ ಮುಟ್ಟಿಸಿದರೆ ಚುರ್ ಅಂತ ಹೊಡೆಯಿತು. ಅಷ್ಟೂ ಬಿಲ್ಲೆ ವ್ಯರ್ಥ. ಇನ್ನೊಂದು ಕಡೆ ಮುಂಗಡ ಕೊಟ್ಟವರ ಫೋನು. "ಅಂಗಡಿ ಸಾಬೂನಿಗಿಂತ ಯಾಕೆ ಜಾಸ್ತಿ?" ಅಂತ ಕೇಳುವವರು ಬೇರೆ. ನನ್ನ ಗಂಟೆಗಳನ್ನು ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಎರಡು ವರ್ಷ ಆಯಿತು. ಅಚ್ಚುಗಳು ಮಂಚದ ಕೆಳಗಿವೆ. ಈಗಲೂ ಎಸೆಯಲು ಮನಸ್ಸು ಬಂದಿಲ್ಲ.

ಅಜ್ಜಿ ಕೈರುಚಿ:
ಎಲ್ಲರೂ ಏನು ತಕ್ಕಡಿ ಹಿಡಿದು ಕೂತಿದ್ದೀರಿ! ನಮ್ಮಜ್ಜಿ ಜೀವನದಲ್ಲಿ ಒಂದು ಗ್ರಾಂ ತೂಗಿಲ್ಲ. ಕೈ ಅಳತೆ, ಕಣ್ಣಳತೆ. ನಾನೂ ಹಾಗೇ. ಸಿಪ್ಪೆ ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಶೆಲ್ಫಿನಲ್ಲಿ ಇಡುತ್ತೇನೆ. ತಿಂಗಳುಗಟ್ಟಲೆ ಇರುತ್ತದೆ. ಯಾರೂ ಸತ್ತಿಲ್ಲ. ಅಳೆದು ಮಾಡಿದರೆ ಅದರಲ್ಲಿ ಖುಷಿ ಎಲ್ಲಿಂದ ಬರಬೇಕು?

ಥರ್ಮಾಮೀಟರ್:
ದಯವಿಟ್ಟು ಆ ಬೆಳ್ಳುಳ್ಳಿಯನ್ನು ಯಾರೂ ಮಾಡಬೇಡಿ. ಮಣ್ಣಲ್ಲಿ ಬೆಳೆದ ಪದಾರ್ಥ, ಹುಳಿ ಇಲ್ಲ, ಎಣ್ಣೆಯೊಳಗೆ ಗಾಳಿ ಇಲ್ಲ. ಬೊಟುಲಿನಮ್ ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಅದರ ವಿಷಕ್ಕೆ ವಾಸನೆ ಇರುವುದಿಲ್ಲ, ಎಣ್ಣೆಯ ಬಣ್ಣವೂ ಬದಲಾಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದಲ್ಲಿ ಮುಗಿಸಬೇಕು, ಅಷ್ಟೇ.

ನಾನು ಸುಮ್ನೆ ಹೇಳುತ್ತಿಲ್ಲ. 24 ಜಾಡಿ ಟೊಮೆಟೊ ಮಾಡಿಟ್ಟಿದ್ದೆ. ಹಣ್ಣು ಆರಿಸಿದ್ದು, ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದಿದ್ದು, ತುಂಬಿದ್ದು, ಕುದಿಸಿದ್ದು ಎಲ್ಲಾ ಸೇರಿ ಎರಡು ದಿನ. ಬೆರಳ ತುದಿ ಸುಕ್ಕಾಗಿ ಹೋಗಿತ್ತು. ಸಾಲಾಗಿ ಜೋಡಿಸಿ ಫೋಟೋ ತೆಗೆದೆ. ಆ ರಾತ್ರಿ ಮಲಗಿದ ಮೇಲೆ ನೆನಪಾಯಿತು, ನಿಂಬೆರಸ ಹಾಕಿಲ್ಲ. ಟೊಮೆಟೊ ಹುಳಿಯೇ ಅಲ್ವಾ ಅಂತೀರಿ. ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿದ್ದರೆ ಮಾತ್ರ ಕುದಿಯುವ ನೀರಲ್ಲಿ ಜಾಡಿ ಕುದಿಸಿದರೆ ಸಾಕು. ಟೊಮೆಟೊ ಆ ಗೆರೆಯ ಮೇಲೇ ಕೂತಿರುತ್ತದೆ, ಕೆಲವು ಹಣ್ಣು ಗೆರೆ ದಾಟುತ್ತವೆ. ದಾಟಿದ್ದರೆ 100 ಡಿಗ್ರಿಗೆ ಆ ಬ್ಯಾಕ್ಟೀರಿಯಾದ ಬೀಜಕಣ ಸಾಯುವುದಿಲ್ಲ. ಪ್ರೆಶರಿನಲ್ಲಿ 116ರಿಂದ 121 ಡಿಗ್ರಿ ತನಕ ಹೋಗಬೇಕು. ಅದರ ಮೇಲೆ ನೀವು ಎತ್ತರದ ಜಾಗದಲ್ಲಿದ್ದರೆ ನೀರು 100ಕ್ಕೂ ಮುಂಚೆಯೇ ಕುದಿಯುತ್ತದೆ, 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಮ್ಮಿ. ಬೆಳಿಗ್ಗೆ ಎದ್ದು 24 ಜಾಡಿಯನ್ನೂ ಖಾಲಿ ಮಾಡಿದೆ. ಫೋಟೋ ಈಗಲೂ ಇದೆ.

ಒಂದು ವಿಷಯ ಹೇಳಿಬಿಡುತ್ತೇನೆ. ಗಾಜಿನ ಬಾಟಲಿಯಲ್ಲಿ ಊಟ ತುಂಬಿ, ಬಿರಡೆ ಹಾಕಿ, ಕುದಿಸಿ ಇಡುವುದನ್ನು ಕಂಡುಹಿಡಿದವನು ಫ್ರಾನ್ಸಿನ ನಿಕೋಲಾ ಅಪ್ಪೇರ್. 1810ರಲ್ಲಿ ಪುಸ್ತಕ ಬರೆದ. ಯಾಕೆ ಕೆಡುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯವನ್ನು ಪಾಶ್ಚರ್ ತೋರಿಸಿಕೊಟ್ಟಿದ್ದು ಸುಮಾರು ಅರ್ಧ ಶತಮಾನ ಆದಮೇಲೆ.

ಅಜ್ಜಿ ಕೈರುಚಿ:
ನೋಡಿದಿರಾ, ನೀವೇ ಹೇಳಿದಿರಿ. ಅವನಿಗೂ ಕಾರಣ ಗೊತ್ತಿರಲಿಲ್ಲ. ನಮ್ಮಜ್ಜಿಗೂ ಗೊತ್ತಿರಲಿಲ್ಲ. ಅವನಾದರೆ ದೊಡ್ಡ ಮನುಷ್ಯ, ನಮ್ಮಜ್ಜಿ ಆದರೆ ದಡ್ಡಿ!

ಥರ್ಮಾಮೀಟರ್:
ಅವನು ಗಂಟೆಗಟ್ಟಲೆ ಕುದಿಸುತ್ತಿದ್ದ. ನೀವು ಹಸಿ ಬೆಳ್ಳುಳ್ಳಿ ಇಡುತ್ತಿದ್ದೀರಿ. ಅಜ್ಜಿಯನ್ನು ನಾನು ಬೈದಿಲ್ಲ. ಜಾಡಿಯನ್ನು ಬೈದೆ.

ಉಪ್ಪು ನೀರು:
ಥರ್ಮಾಮೀಟರ್ ಹೇಳಿದ್ದು ಸರಿ. ಆದರೆ ಆ ಧಾಟಿಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ನಾಲ್ಕನೇ ವರ್ಷ ನನಗೂ ಯಾರೋ ಹೀಗೇ ಹೆದರಿಸಿದ್ದಕ್ಕೆ ಆ ಬಿಳಿ ಕೆನೆಯ ಜಾಡಿ ಚೆಲ್ಲಿದ್ದು.

ಮರದ ಹೊಟ್ಟು:
ಬೇಜಾರು ಮಾಡಿಕೊಳ್ಳಬೇಡಿ, ನಮ್ಮೆಲ್ಲರ ಖುಷಿಗೂ ಒಂದು ಹೆಸರಿದೆ. ಐಕಿಯಾ ಎಫೆಕ್ಟ್ ಅಂತ. (ಐಕಿಯಾ ಅಂದರೆ ಕೊಂಡವರೇ ಜೋಡಿಸಿಕೊಳ್ಳುವ ಮೇಜು, ಕುರ್ಚಿ ಮಾರುವ ಕಂಪನಿ.) 2012ರಲ್ಲಿ ಪ್ರಕಟವಾದ ಅಧ್ಯಯನ. ಕಾಗದ ಮಡಚಿ ಕಪ್ಪೆ, ಕೊಕ್ಕರೆ ಮಾಡಿಸಿದರು. ಮಾಡಿದವರು ತಮ್ಮ ಸೊಟ್ಟ ಕೊಕ್ಕರೆಗೆ ಪರಿಣತರು ಮಡಚಿದ್ದರ ಹತ್ತಿರ ಹತ್ತಿರ ಬೆಲೆ ಕಟ್ಟಿದರಂತೆ. ಹೊರಗಿನವರ ಕಣ್ಣಿಗೆ ಅದು ಹೆಚ್ಚುಕಮ್ಮಿ ಬರೀ ಕಾಗದ. ಹೆತ್ತವರಿಗೆ ಹೆಗ್ಗಣ ಮುದ್ದು, ಅಷ್ಟೇ.

ನನ್ನ ಹೆಗ್ಗಣ ಒಂದು ಮೇಜು. ಅಗಲದ ಹಲಗೆಗಳನ್ನು ಅಂಟಿಸಿ, ಕೆಳಗಿನ ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದೆ. ಮರ ಉದ್ದಕ್ಕೆ ಹೆಚ್ಚು ಅಲುಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಜಾಗ ಬಿಡಬೇಕಿತ್ತು. ಗಾಳಿ ಒಣಗಿದ ಕಾಲದಲ್ಲಿ ಒಂದು ರಾತ್ರಿ ಪಟಾರ್ ಅಂತ ಸೀಳಿತು. ಸೀಳು ಮೂರು ಮಿಲಿಮೀಟರ್. ಅದರ ಮೇಲೇ ಊಟ ಮಾಡುತ್ತೇವೆ. ಸಾರು ಚೆಲ್ಲಿದರೆ ನೇರ ಕಾಲ ಮೇಲೆ.

ಎರಡು ಕಡ್ಡಿ:
ನನ್ನ ಸ್ವೆಟರನ್ನು ಹೆಗ್ಗಣ ಅಂದಿರಾ?

ಮರದ ಹೊಟ್ಟು:
ನನ್ನ ಮೇಜನ್ನು ಅಂದೆ.

ಎರಡು ಕಡ್ಡಿ:
ಮೊದಲು "ನಮ್ಮೆಲ್ಲರ" ಅಂದಿರಿ. 140 ಗಂಟೆ ಕೂತು ನೋಡಿ, ಆಮೇಲೆ ಗಾದೆ ಹೇಳಿ. ನಿಮ್ಮ ಮೇಜನ್ನು ಯಾರೂ ಮಷೀನಿಗೆ ಹಾಕಿ ಒಗೆದಿಲ್ಲ.

ಸಾಬೂನು ಸಂಕಟ:
ಆ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ. ಅರ್ಧಕ್ಕೆ ಬಿಟ್ಟವರಿಗೆ, ಮಾಡಿದ್ದನ್ನು ಬಿಚ್ಚಿಹಾಕಿದವರಿಗೆ ಆ ಮಮತೆ ಬರಲಿಲ್ಲ. ಮುಗಿಸಿದವರಿಗೆ ಮಾತ್ರ. ಹಾಗಾದರೆ ಮಂಚದ ಕೆಳಗಿನ ಅಚ್ಚಿನ ಮೇಲೆ ನನಗೆ ಯಾಕೆ ಇಷ್ಟು ಮಮತೆ? ಅದನ್ನು ಯಾರೂ ಹೇಳುವುದಿಲ್ಲ.

ಉಪ್ಪು ನೀರು:
ಮಮತೆಯ ವಿಷಯ ಬಂತಲ್ಲ, ಜಾಡಿಯ ವಿಷಯ ಮಾತಾಡೋಣ. ಹೋದ ವರ್ಷ 31 ಜಾಡಿ ಹಂಚಿದೆ. ವಾಪಸ್ ಬಂದಿದ್ದು ಎಂಟು. ಅದರಲ್ಲಿ ಮೂರಕ್ಕೆ ಮುಚ್ಚಳ ಇಲ್ಲ. ಒಬ್ಬರ ಮನೆಗೆ ಹೋದರೆ ನನ್ನ ಜಾಡಿಯಲ್ಲಿ ಮೊಳೆ ತುಂಬಿಟ್ಟಿದ್ದಾರೆ. ಮೊಳೆ!

ಮರದ ಹೊಟ್ಟು:
ಮೊಳೆಗೆ ಗಾಜಿನ ಜಾಡಿಯೇ ಒಳ್ಳೆಯದು. ಯಾವ ಅಳತೆ ಎಲ್ಲಿದೆ ಅಂತ ಹೊರಗಿಂದಲೇ ಕಾಣುತ್ತದೆ.

ಉಪ್ಪು ನೀರು:
ನೀವೂ ಅಂಥವರೇ ಅಂತ ಗೊತ್ತಾಯಿತು ಬಿಡಿ.

ಅಜ್ಜಿ ಕೈರುಚಿ:
ಕೊಟ್ಟ ಮೇಲೆ ಲೆಕ್ಕ ಇಡುವುದು ಯಾವ ಸೀಮೆಯ ಕೊಡುವುದು? ನಮ್ಮಜ್ಜಿ ಜಾಡಿ ಎಣಿಸುತ್ತಿರಲಿಲ್ಲ.

ಉಪ್ಪು ನೀರು:
ನಿಮ್ಮಜ್ಜಿ ಏನನ್ನೂ ಎಣಿಸುತ್ತಿರಲಿಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ.

ಹೊಸ ಜಾಡಿ:
ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಜಾಮೋ ಮಫ್ಲರೋ ಅಂತ. ಭಾನುವಾರ, ಎರಡು ಗಂಟೆ. ಮತ್ತೆ ಆ ನಾಲ್ಕು ಜಾಡಿ ಯಾಕೆ ಕೆಟ್ಟವು ಅಂತ ಯಾರೂ ಹೇಳಲಿಲ್ಲ.

ಥರ್ಮಾಮೀಟರ್:
ಸಕ್ಕರೆ ಕಮ್ಮಿ ಆಗಿದೆ. ಕುದ್ದು ಇಳಿಸಿದ ಮೇಲೆ ಜಾಮಿನಲ್ಲಿ ನೂರಕ್ಕೆ 65ರಷ್ಟು ಸಕ್ಕರೆ ಇದ್ದರೆ ಬೂಷ್ಟಿಗೆ ನೀರು ಸಿಗುವುದಿಲ್ಲ. ಸಮುದ್ರ ಮಟ್ಟದಲ್ಲಿ 105 ಡಿಗ್ರಿ ಬಂದರೆ ಅಲ್ಲಿಗೆ ತಲುಪಿದೆ ಅಂತ ಲೆಕ್ಕ. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ತಳ್ಳಿ, ಸುಕ್ಕು ಬಿದ್ದರೆ ಆಯಿತು. ಸಕ್ಕರೆ ಕಮ್ಮಿಯೇ ಬೇಕಾದರೆ ಒಂದೇ ಜಾಡಿ ಮಾಡಿ ಫ್ರಿಜ್ಜಿನಲ್ಲಿಡಿ. ಬೂಷ್ಟು ಬಂದಿದ್ದನ್ನು ಕೆರೆದು ತಿನ್ನಬೇಡಿ.

ಎರಡು ಕಡ್ಡಿ:
ಮಫ್ಲರಿಗೆ ಅಳತೆ ತಪ್ಪಿದರೂ ಮಫ್ಲರೇ. ಅದೊಂದಕ್ಕೆ ಮಾದರಿ ತುಂಡು ಬೇಡ. ಮುಗಿಸಿ. ನೀವೇ ಹಾಕಿಕೊಳ್ಳಿ.

ಹೊಸ ಜಾಡಿ:
ಒಂದು ಜಾಡಿ ಅಂದರೆ ಒಂದು ಗಂಟೆಯೊಳಗೆ ಆಗುತ್ತದೆ. ಉಳಿದ ಗಂಟೆ ಕಡ್ಡಿಗೆ. ನೋಡುತ್ತೇನೆ.

ಅಜ್ಜಿ ಕೈರುಚಿ:
ಬೆಳ್ಳುಳ್ಳಿ ಜಾಡಿ ಫ್ರಿಜ್ಜಿನಲ್ಲಿಟ್ಟೆ. ಯಾರೋ ಹೇಳಿದ್ದಕ್ಕಲ್ಲ. ಶೆಲ್ಫಿನಲ್ಲಿ ಜಾಗ ಇರಲಿಲ್ಲ.

ಥರ್ಮಾಮೀಟರ್:
ಎಷ್ಟು ದಿನ ಹೊರಗಿತ್ತು? ಅಷ್ಟು ದಿನ ಇದ್ದದ್ದನ್ನು ಈಗ ಒಳಗಿಟ್ಟರೆ ಏನೂ ಪ್ರಯೋಜನ ಇಲ್ಲ. ಎಸೆಯಿರಿ.

ಅಜ್ಜಿ ಕೈರುಚಿ:
ಇದು ನಿನ್ನೆ ಮಾಡಿದ್ದು. ಹಳೆಯದು ಏನಾಯಿತು ಅಂತ ಕೇಳಬೇಡಿ.