ಸಂಘದ ಹಳೇ ಕಥೆ ಹೊಸಬರಿಗೆ ಹೇಳೋದ್ರಿಂದ ಉಪಯೋಗ ಇದೆಯಾ? ಅನುಭವ ಇರೋರು ಹೇಳಿ

ಜಯನಗರ ಹುಡುಗಿ
ನಮ್ಮ ಲೈಬ್ರರಿಯನ್‌ಗಳ ಸಂಘದಲ್ಲಿ ಆಗಸ್ಟ್ 12ಕ್ಕೆ ಹೊಸ ಮೆಂಬರ್‌ಗಳಿಗೆ ನಮ್ಮ ದೇಶದ ಲೈಬ್ರರಿ ಸೈನ್ಸಿನ ಪಿತಾಮಹ ರಂಗನಾಥನ್ ಬಗ್ಗೆ, ಹಳಬರ ಬಗ್ಗೆ ಒಂದು ಗಂಟೆ ಕಾರ್ಯಕ್ರಮ ಮಾಡು ಅಂದಿದಾರೆ. ಬಜೆಟ್ 6,000. ಬರೋರು ಪಿಎಫ್ ಬಿಟ್ರೆ ಇನ್ನೇನೂ ಕೇಳಲ್ಲ. ಮಾಡಿದೋರು ಯಾರಾದ್ರೂ ಇದೀರಾ?

ರಿಟೈರ್ಡ್ ಮಲ್ಲೇಶ್ವರ
ನಾನು ಮಾಡಿ ಕೈ ಸುಟ್ಕೊಂಡೋನಮ್ಮ. ಹಾಲ್ 3,500, ಫ್ಲೆಕ್ಸ್ 900, ಉಪ್ಪಿಟ್ಟು ಕೇಸರಿಬಾತು 80 ಪ್ಲೇಟ್ ಹೇಳಿದ್ದೆ, ಬಂದಿದ್ದು 23 ಜನ, ಉಳಿದಿದ್ದನ್ನ ಆಟೋದಲ್ಲಿ ಮನೆಗೆ ತಂದು ಎರಡು ದಿನ ತಿಂದ್ವಿ. ಫ್ಲೆಕ್ಸಲ್ಲಿ ರಂಗನಾಥನ್ ಹುಟ್ಟಿದ್ದು 9-8-1892 ಅಂತ ಹಾಕ್ಸಿದ್ದೆ, ಒಬ್ರು ಎದ್ದು 12 ಅಂದ್ರು, ಅರ್ಧ ಗಂಟೆ ಅದೇ ಜಗಳ. ಎರಡೂ ತಾರೀಕು ಪುಸ್ತಕಗಳಲ್ಲಿ ಇದೆ ಕಣ್ರೀ! ಖಜಾಂಚಿ ಇವತ್ತಿಗೂ 1,140 ರೂಪಾಯಿ ಕೊಟ್ಟಿಲ್ಲ, ವೋಚರ್ ಇಲ್ವಂತೆ.

ಬೀರು ಕೀ
ನಂದು ಸ್ಕೂಲ್ ಲೈಬ್ರರಿ. ಮೊದಲ ವರ್ಷ ಬರೀ ಧೂಳು ಹೊಡ್ಯೋದು, ಯಾರೋ ರಜಾ ಹಾಕಿದ್ರೆ ಅವರ ಕ್ಲಾಸಿಗೆ ಹೋಗೋದು, ಬಿಟ್ಬಿಡೋಣ ಅನ್ಸಿತ್ತು. ಸಂಘದ ಹಿರಿಯರೊಬ್ರು ಬಸ್ಸಲ್ಲಿ ಸಿಕ್ಕಿ ಹೇಳಿದ್ರು, ರಂಗನಾಥನ್ ಅವರೂ ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ಯೂನಿವರ್ಸಿಟಿ ಲೈಬ್ರರಿಗೆ ಬಂದ್ಮೇಲೆ ಬೇಜಾರಾಗಿ ವಾಪಸ್ ಪಾಠಕ್ಕೆ ಕಳ್ಸಿ ಅಂದಿದ್ರಂತೆ, ಮೊದ್ಲು ಲಂಡನ್‌ಗೆ ಹೋಗಿ ಕಲ್ತು ಬಾ ಅಂದ್ರಂತೆ. ನನಗೆ ಅಷ್ಟೇ ಸಾಕಾಯ್ತು. ಅವರ ಮೊದಲ ಸೂತ್ರ ಪುಸ್ತಕ ಇರೋದು ಬಳಸೋಕೆ ಅಂತ ತಾನೆ, ಸೋಮವಾರ ಹೋಗಿ ಐದೂ ಬೀರು ಬೀಗ ತೆಗ್ದಿಟ್ಟೆ. ನಾಲ್ಕು ಪುಸ್ತಕ ಕಳೀತು, ಸಂಬಳದಲ್ಲಿ 760 ಹಿಡ್ಕೊಂಡ್ರು. ಇವತ್ತಿಗೂ ಬೀಗ ಹಾಕಿಲ್ಲ.

ಡ್ಯೂಯಿ ಸಾಕು
ಶುರುವಾಯ್ತು ಭಜನೆ. ಪುಸ್ತಕ ವಿಂಗಡಿಸೋಕೆ ರಂಗನಾಥನ್ ಮಾಡಿದ ಕೋಲನ್ ಪದ್ಧತಿ ಪೇಪರಲ್ಲಿ ಎರಡು ಸಲ ಫೇಲಾದೆ, ಒಂದು ವರ್ಷ, ಎರಡು ಸಲ ಪರೀಕ್ಷೆ ಫೀಸು. ಕೆಲಸಕ್ಕೆ ಸೇರಿದ್ರೆ ಎಲ್ಲಾ ಅಮೆರಿಕದವರ ಡ್ಯೂಯಿ ಪದ್ಧತಿ ನಂಬರು! ಆಟಿಕೆ ಅಂಗಡೀಲಿ ತುಂಡು ಜೋಡಿಸೋ ಮೆಕ್ಯಾನೋ ನೋಡಿ ಅವರಿಗೆ ಕೋಲನ್ ಹೊಳೀತಂತೆ, ಸಂತೋಷ. ನಂಗೇನು ಬಂತು?

ಕರದ ರಸೀದಿ
ನೀವು ಫೇಲಾಗಿದ್ದಕ್ಕೂ ಅವರೇ ಕಾರಣಾನಾ ಸಾರ್? ಆಸ್ತಿ ತೆರಿಗೆ ರಸೀದಿ ತೆಗ್ದು ನೋಡಿ, ಗ್ರಂಥಾಲಯ ಕರ ಅಂತ ಶೇಕಡ 6 ಇರುತ್ತೆ. ಅದು 1965ರ ಕಾಯ್ದೆಯಿಂದ ಬಂದಿದ್ದು, ಅದಕ್ಕೂ ಎಷ್ಟೋ ವರ್ಷ ಮುಂಚೆಯಿಂದ ಲೈಬ್ರರಿಗೆ ಕಾನೂನು ಬೇಕು ಅಂತ ಹಲವು ರಾಜ್ಯಗಳಿಗೆ ಮಸೂದೆ ಬರ್ಕೊಟ್ಟೋರು ಈ ರಂಗನಾಥನ್. 1962ರಲ್ಲಿ ಅವರ ಡಿಆರ್‌ಟಿಸಿ, ಅಂದ್ರೆ ಲೈಬ್ರರಿ ಕೆಲಸದ ಸಂಶೋಧನೆ, ತರಬೇತಿ ಕೇಂದ್ರ, ಶುರುವಾಗಿದ್ದೂ ನಮ್ಮ ಬೆಂಗ್ಳೂರಲ್ಲೇ. ನಾನು ಹೊಸಬರಿಗೆ ರಸೀದಿ ಜೆರಾಕ್ಸ್ ಹಂಚ್ತೀನಿ, ಒಂದಕ್ಕೆ ಎರಡು ರೂಪಾಯಿ.

ಡ್ಯೂಯಿ ಸಾಕು
ಕರ ಕಟ್ಟೋದು ನಾವು, ಪುಸ್ತಕ ಎಲ್ಲಿ ಸ್ವಾಮಿ?

ರಿಟೈರ್ಡ್ ಮಲ್ಲೇಶ್ವರ
ಅದೇ ನೋಡಿ, ನನ್ನ 1,140 ತರಾನೇ.

ಜಯನಗರ ಹುಡುಗಿ
ಸಾರ್, ಆ ಫ್ಲೆಕ್ಸ್ ಇನ್ನೂ ಇದೆಯಾ?

ರಿಟೈರ್ಡ್ ಮಲ್ಲೇಶ್ವರ
ಇದೆ, ಸ್ಕೂಟರ್‌ಗೆ ಹೊದಿಸಿದೀನಿ. ಬಂದು ತಗೊಂಡ್ಹೋಗಮ್ಮ, 9ರ ಮೇಲೆ ಸ್ಟಿಕ್ಕರ್ ಅಂಟಿಸ್ಕೋ.